ಕರಾಚಿ ಬಂದರು ಸುಟ್ಟ ರಾತ್ರಿ ಮತ್ತು ಪೂಂಚ್‌ನ ಮೇಷ್ಟ್ರು

ಸ್ವಲ್ಪ ಉದ್ದ ಆಗಿದೆ, ಪುರುಸೊತ್ತು ಮಾಡಿಕೊಂಡು ಓದಿ.

2025ರ ಮೇ 8ರ ರಾತ್ರಿ ಟಿ.ವಿ. ನೋಡಿದವರಿಗೆ ನೆನಪಿರುತ್ತೆ. ನಮ್ಮ ನೌಕಾಪಡೆ ಕರಾಚಿ ಬಂದರನ್ನು ಧ್ವಂಸ ಮಾಡಿಬಿಟ್ಟಿತ್ತು. ಸೇನೆ ಇಸ್ಲಾಮಾಬಾದ್‌ಗೆ ನುಗ್ಗಿತ್ತು. ಪಾಕಿಸ್ತಾನದ ಸೇನಾ ಮುಖ್ಯಸ್ಥನನ್ನು ಅವರವರೇ ಹಿಡಿದು ಒಳಗೆ ಹಾಕಿದ್ದರು. ಇಷ್ಟೆಲ್ಲ ನಡೆದಿದ್ದು ಸ್ಟುಡಿಯೋದಲ್ಲಿ. ಬೆಳಗಾದಾಗ ಕರಾಚಿ ಬಂದರು ಎಲ್ಲಿತ್ತೋ ಅಲ್ಲೇ ಇತ್ತು. ಕರಾಚಿಯ ಬೆಂಕಿ ಅಂತ ಹರಿದಾಡಿದ ಒಂದು ವಿಡಿಯೋ ಅಮೆರಿಕದ ಫಿಲಡೆಲ್ಫಿಯಾದಲ್ಲಿ ವಿಮಾನ ಬಿದ್ದಾಗಿನದು. ಜೈಸಲ್ಮೇರ್‌ನ ಆಕಾಶ ಅಂತ ತೋರಿಸಿದ್ದು ಇಸ್ರೇಲಿನ ಹಳೇ ದೃಶ್ಯ. ಸಾಲದ್ದಕ್ಕೆ ಹಿನ್ನೆಲೆಯಲ್ಲಿ ಸೈರನ್ ಬೇರೆ. ಕಾರ್ಯಕ್ರಮಗಳಲ್ಲಿ ಸೈರನ್ ಹಾಕಬೇಡಿ, ನಿಜವಾಗಿ ಸೈರನ್ ಆದಾಗ ಜನ ಅಲಕ್ಷ್ಯ ಮಾಡ್ತಾರೆ ಅಂತ ಕೊನೆಗೆ ಸರ್ಕಾರವೇ ಕೇಳಿಕೊಳ್ಳಬೇಕಾಯ್ತು.

ಈಗ ಅದನ್ನೆಲ್ಲ ನೆನೆಸಿಕೊಂಡು ಜನ ನಗ್ತಾರೆ, ಮೀಮ್ ಮಾಡ್ತಾರೆ. ನನಗೆ ನಗು ಬರಲ್ಲ. ಯಾಕಂದ್ರೆ ಅದರ ಹಿಂದಿನ ದಿನವೇ ಪೂಂಚ್‌ನಲ್ಲಿ ಒಬ್ಬ ಮೇಷ್ಟ್ರನ್ನು ಎರಡು ಸಲ ಕೊಂದಿದ್ದರು.

ಮೇ 7ರಂದು ಗಡಿಯಾಚೆಯಿಂದ ಪೂಂಚ್ ಪಟ್ಟಣದ ಮೇಲೆ ಶೆಲ್ ಬಿದ್ದವು. ಮನೆ, ಗುರುದ್ವಾರ, ಮದರಸಾ ಯಾವುದನ್ನೂ ಬಿಡಲಿಲ್ಲ. ಮಕ್ಕಳೂ ಸೇರಿದಂತೆ ಹತ್ತಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಒಬ್ಬರು ಮದರಸಾದಲ್ಲಿ ಪಾಠ ಹೇಳುತ್ತಿದ್ದ ಶಿಕ್ಷಕರು. ಭಾರತದ ಪ್ರಜೆ, ಪಾಕಿಸ್ತಾನದ ಶೆಲ್‌ಗೆ ಸತ್ತವರು. ಲೆಕ್ಕದ ಪ್ರಕಾರ ನಮ್ಮ ಚಾನೆಲ್‌ಗಳು ಅವರಿಗಾಗಿ ಅಳಬೇಕಿತ್ತು. ಏನು ಮಾಡಿದರು? ಅವರ ಫೋಟೊ ಹಾಕಿ, ನಮ್ಮ ಸೇನೆಯ ದಾಳಿಯಲ್ಲಿ ಸತ್ತ ಉಗ್ರ ಅಂತ ಓಡಿಸಿದರು. ಗಡ್ಡ ಇತ್ತು, ಟೋಪಿ ಇತ್ತು, ಹೆಸರು ಮುಸ್ಲಿಮರದು. ಇನ್ನೇನು ಪುರಾವೆ ಬೇಕು?

ಮರುದಿನ ಪೂಂಚ್ ಪೊಲೀಸರೇ ಹೇಳಿಕೆ ಕೊಟ್ಟು, ಇವರಿಗೂ ಭಯೋತ್ಪಾದನೆಗೂ ಸಂಬಂಧವಿಲ್ಲ, ಊರಲ್ಲಿ ಗೌರವಸ್ಥರು ಅಂದರು. ಜೂನ್ ಕೊನೆಗೆ ಪೂಂಚ್ ನ್ಯಾಯಾಲಯ ಎಫ್‌ಐಆರ್ ಹಾಕಿ ಅಂತಲೂ ಆದೇಶಿಸಿತು. ಆದರೆ ಯೋಚನೆ ಮಾಡಿ: ಮನೇಲಿ ಹೆಣ ಇದೆ, ಹೊರಗೆ ಗುಂಡಿನ ಸದ್ದು ನಿಂತಿಲ್ಲ, ಆ ಹೊತ್ತಲ್ಲಿ ಮನೆಯವರು "ನಮ್ಮವರು ಉಗ್ರ ಅಲ್ಲ" ಅಂತ ದೇಶಕ್ಕೆ ಸಾಬೀತು ಮಾಡಬೇಕು.

ಇದನ್ನು ನಾವು ಬೇರೆ ಕಡೆ ನೋಡಿದ್ದೀವಿ. 2006ರ ಸೆಪ್ಟೆಂಬರ್ 29ರಂದು ಖೈರ್ಲಾಂಜಿಯಲ್ಲಿ ಭೋತ್ಮಾಂಗೆ ಕುಟುಂಬದ ನಾಲ್ವರನ್ನು ಕೊಂದಾಗ ದೊಡ್ಡ ಪತ್ರಿಕೆಗಳು ವಾರಗಟ್ಟಲೆ ಸುಮ್ಮನಿದ್ದವು. ಹೊರಬಂದ ಕತೆ ಏನು? ಅನೈತಿಕ ಸಂಬಂಧ. ಸತ್ತ ಹೆಣ್ಣುಮಗಳ ನಡತೆ ಮೇಲೆ ಮೊದಲ ಕಲ್ಲು. ಜನ ಬೀದಿಗಿಳಿದಾಗ ಆಗಿನ ಮಹಾರಾಷ್ಟ್ರ ಗೃಹಮಂತ್ರಿ ಇದರ ಹಿಂದೆ ನಕ್ಸಲರಿದ್ದಾರೆ ಅಂದರು. ಅಲ್ಲಿ ನಕ್ಸಲ, ಇಲ್ಲಿ ಉಗ್ರ. ಯುದ್ಧ ಬಂದಾಗ ಚಾನೆಲ್‌ಗಳು ಹೊಸದಾಗಿ ಕೆಟ್ಟು ಹೋಗಲ್ಲ ಸ್ವಾಮಿ. ನಮ್ಮ ಮೇಲೆ ದಿನಾ ಮಾಡ್ತಾ ಬಂದ ಅಭ್ಯಾಸಕ್ಕೆ ಯುದ್ಧದಲ್ಲಿ ರಜೆ ಇರಲ್ಲ, ಅಷ್ಟೇ.

ಈ ಅಭ್ಯಾಸ ಎಲ್ಲಿಂದ ಬಂತು ಅಂದರೆ, ಒಳಗೆ ಯಾರು ಕೂತಿದ್ದಾರೆ ನೋಡಿ. 2019ರಲ್ಲಿ ಆಕ್ಸ್‌ಫಾಮ್ ಮತ್ತು ನ್ಯೂಸ್‌ಲಾಂಡ್ರಿ ಸೇರಿ ಪತ್ರಿಕೆ, ಟಿ.ವಿ., ವೆಬ್‌ಸೈಟ್‌ಗಳ ಸುದ್ದಿಮನೆ ಲೆಕ್ಕ ಹಾಕಿದರು. ನಾಯಕತ್ವದ 121 ಹುದ್ದೆಗಳಲ್ಲಿ 106 ಸವರ್ಣರವು. ಪರಿಶಿಷ್ಟ ಜಾತಿ, ಪಂಗಡದವರು ಒಬ್ಬರೂ ಇಲ್ಲ. 1920ರಲ್ಲಿ ಬಾಬಾಸಾಹೇಬರು 'ಮೂಕನಾಯಕ' ಶುರು ಮಾಡಿದಾಗ ದುಡ್ಡು ಕೊಡ್ತೀವಿ ಅಂದರೂ 'ಕೇಸರಿ' ಅದರ ಜಾಹೀರಾತು ಹಾಕಲಿಲ್ಲ. ನೂರು ವರ್ಷದಲ್ಲಿ ಬಾಗಿಲು ಎಷ್ಟು ತೆರೆದಿದೆ ಅಂತ ನೀವೇ ಹೇಳಿ. ಆ ಕೋಣೆಯಲ್ಲಿ "ಸಾರ್, ಫೋಟೊ ಹಾಕೋ ಮುಂಚೆ ಪೂಂಚ್‌ಗೆ ಒಂದು ಫೋನ್ ಮಾಡೋಣ" ಅನ್ನೋ ಒಬ್ಬನೂ ಇರಲಿಲ್ವಲ್ಲ, ಅದು ಬರೀ ಅವಸರ ಅಂತ ನಾನು ಒಪ್ಪಲ್ಲ.

ಯುದ್ಧದಲ್ಲಿ ಪ್ರಶ್ನೆ ಕೇಳಬಾರದು, ಶತ್ರುವಿಗೆ ಲಾಭ ಆಗುತ್ತೆ ಅಂತಾರೆ. ಸರಿ, ಯಾರನ್ನು ಸುಮ್ಮನಾಗಿಸಿದರು ನೋಡೋಣ. ಸೇನೆಯ ಓಡಾಟದ ನೇರಪ್ರಸಾರ ಬೇಡ ಅಂತ ಏಪ್ರಿಲ್ 26ಕ್ಕೇ ವಾರ್ತಾ ಸಚಿವಾಲಯ ಸೂಚನೆ ಕೊಟ್ಟಿತ್ತು. ಅದು ನ್ಯಾಯವೇ. ಮೇ 9ರಂದು 'ದಿ ವೈರ್' ವೆಬ್‌ಸೈಟ್ ಬಂದ್. ಕಾರಣ, ನಮ್ಮ ರಫೇಲ್ ಬಿದ್ದಿದೆ ಅಂತ ಸಿಎನ್‌ಎನ್ ಹೇಳಿದ್ದನ್ನು ವರದಿ ಮಾಡಿದ್ದು. ಅದೇ ತಿಂಗಳ 31ಕ್ಕೆ ಸಿಂಗಪುರದಲ್ಲಿ ರಕ್ಷಣಾ ಪಡೆಗಳ ಮುಖ್ಯಸ್ಥ ಅನಿಲ್ ಚೌಹಾಣ್ ಅವರೇ, ಎಷ್ಟು ಅಂತ ಹೇಳದಿದ್ದರೂ, ವಿಮಾನ ಕಳೆದುಕೊಂಡಿದ್ದೀವಿ ಅಂತ ಒಪ್ಪಿಕೊಂಡರು. ಇತ್ತ ಇಸ್ಲಾಮಾಬಾದ್ ಗೆದ್ದವರ ಚಾನೆಲ್ ಒಂದು ನಿಮಿಷವೂ ಕತ್ತಲಾಗಲಿಲ್ಲ.

(ಆಚೆ ಕಡೆಯೂ ಸತ್ಯಹರಿಶ್ಚಂದ್ರರಿಲ್ಲ. ತಮ್ಮ ವಾಯುಪಡೆಯನ್ನು ಹೊಗಳಿದ್ದಾರೆ ಅಂತ ಬ್ರಿಟನ್ನಿನ 'ಡೈಲಿ ಟೆಲಿಗ್ರಾಫ್' ಹೆಸರಿನ ನಕಲಿ ಪುಟ ನಂಬಿ ಅವರ ಉಪಪ್ರಧಾನಿ ಸೆನೆಟ್‌ನಲ್ಲೇ ಮಾತಾಡಿದರು. ಅದು ನಕಲಿ ಅಂತ ಬರೆದಿದ್ದು ಅಲ್ಲಿನದೇ 'ಡಾನ್' ಪತ್ರಿಕೆ. ಅವರನ್ನು ಅಲ್ಲಿ ಏನಂತ ಬೈದಿರಬಹುದು ಊಹಿಸಿ.)

ಇನ್ನು ಈ ಸುದ್ದಿಯಿಂದ ಸೈನಿಕರಿಗೆ ಹುರುಪು ಬರುತ್ತೆ ಅನ್ನೋ ಮಾತು. ನಮ್ಮ ಕೇರಿಯ ಹುಡುಗ ಸೇನೆಯಲ್ಲಿದ್ದಾನೆ, ಜಮ್ಮು ಕಡೆ ಪೋಸ್ಟಿಂಗ್. ಅವತ್ತು ಫೋನ್ ಸಿಗ್ತಿರಲಿಲ್ಲ. ಅವನ ತಾಯಿ ಬೆಳಗಿನ ಜಾವದವರೆಗೂ ಟಿ.ವಿ. ಮುಂದೆ ಕೂತಿದ್ದರು. ಸೇನೆ ಇಸ್ಲಾಮಾಬಾದ್‌ಗೆ ನುಗ್ಗಿದೆ ಅಂದಾಗ ಅವರು ಚಪ್ಪಾಳೆ ತಟ್ಟಲಿಲ್ಲ. "ಹಂಗಾದ್ರೆ ನನ್ ಮಗನೂ ಒಳೀಕೆ ಹೋಗವ್ನಾ?" ಅಂದರು. ಆ ಆಂಕರ್‌ಗಳ ಎಷ್ಟು ಜನರ ಮಕ್ಕಳು ಗಡಿಯಲ್ಲಿದ್ದರು?

ನಮ್ಮ ರಾಜ್ಯಕ್ಕೂ ಇದರ ಬಿಸಿ ತಟ್ಟಿದೆ. ಪಹಲ್ಗಾಮ್ ದಾಳಿಯಾಗಿ ಐದು ದಿನಕ್ಕೆ, ಏಪ್ರಿಲ್ 27ರಂದು, ಮಂಗಳೂರಿನ ಕುಡುಪುವಿನಲ್ಲಿ ಕ್ರಿಕೆಟ್ ಮೈದಾನದ ಹತ್ತಿರ ವಯನಾಡಿನ ಬಡ ಮುಸ್ಲಿಂ ಯುವಕನೊಬ್ಬನನ್ನು ಗುಂಪು ಬಡಿದು ಸಾಯಿಸಿತು. ಪೊಲೀಸರು ಮೊದಲು ಅಸಹಜ ಸಾವು ಅಂತ ಬರೆದುಕೊಂಡರು. ಪಾಕಿಸ್ತಾನ ಪರ ಘೋಷಣೆ ಕೂಗಿದನಂತೆ ಅಂತ ನಮ್ಮ ಗೃಹಮಂತ್ರಿಗಳೇ ಮಾಧ್ಯಮದ ಮುಂದೆ ಹೇಳಿದರು. ಆಮೇಲೆ, ಅದು ಬಂಧಿತರು ಹೇಳಿದ್ದು ಅಂದರು. ಕೊಂದವರ ಮಾತು ಮೊದಲು ಟಿ.ವಿ.ಗೆ ಬಂತು, ಸತ್ತವನ ಊರು ಯಾವುದು ಅಂತ ತಿಳಿದಿದ್ದು ಆಮೇಲೆ. ಅದನ್ನು ಹೇಳಿದ್ದು ಬಿಜೆಪಿ ಮಂತ್ರಿ ಅಲ್ಲ ಅನ್ನೋದನ್ನೂ ನೆನಪಿಡಿ, ನಮ್ಮಲ್ಲಿ ಕೆಲವರು ಅವತ್ತು ಜಾಣಮೌನಕ್ಕೆ ಜಾರಿದರು.

ನಮ್ಮ ಹುಡುಗರಿಗೂ ಒಂದು ಮಾತು. ಆ ವಾರ ಬಾಬಾಸಾಹೇಬರ ಡಿಪಿ ಇಟ್ಟುಕೊಂಡೇ ಕರಾಚಿ ಬೆಂಕಿಯ ಸ್ಟೇಟಸ್ ಹಾಕಿದವರು ಎಷ್ಟು ಜನ! ನಾಳೆ ನಿಮ್ಮೂರಲ್ಲಿ ದೇವಸ್ಥಾನ ಪ್ರವೇಶದ ಗಲಾಟೆ ಆದಾಗ ಅದೇ ಚಾನೆಲ್ ಮೈಕ್ ಹಿಡಿದು ಬರುತ್ತೆ, "ಎರಡು ಗುಂಪುಗಳ ಘರ್ಷಣೆ" ಅಂತ ಪಟ್ಟಿ ಓಡಿಸುತ್ತೆ. ಆವಾಗ ನಮ್ಮ ಮಾತು ಯಾರು ನಂಬಬೇಕು?

ನಾವು ಕೇಳಬೇಕಾದದ್ದು ದೊಡ್ಡದೇನಲ್ಲ. ಸುಳ್ಳನ್ನು ಯಾವ ಹೊತ್ತಲ್ಲಿ, ಎಷ್ಟು ಹೊತ್ತು ಓಡಿಸಿದರೋ, ತಪ್ಪೊಪ್ಪಿಗೆಯೂ ಅದೇ ಹೊತ್ತಲ್ಲಿ, ಅಷ್ಟೇ ಹೊತ್ತು, ಅದೇ ಆಂಕರ್ ಬಾಯಲ್ಲಿ ಬರಬೇಕು. ಮುಂದಿನ ಸಲ ಇಂಥದ್ದು ಕಂಡರೆ ಬೈದು ಪೋಸ್ಟ್ ಹಾಕಿ ಮಲಗಬೇಡಿ. ದಿನಾಂಕ, ಸಮಯ ಬರೆದಿಟ್ಟುಕೊಳ್ಳಿ, ರೆಕಾರ್ಡ್ ಮಾಡಿ, ತಡ ಮಾಡದೆ ಚಾನೆಲ್‌ಗೆ ಲಿಖಿತ ದೂರು ಕಳಿಸಿ, ಒಂದು ಪ್ರತಿ ನನಗೂ ಕಳಿಸಿ. ದೂರು ಬರೆಯೋಕೆ ಕಷ್ಟ ಅನ್ನೋರು ಇನ್‌ಬಾಕ್ಸ್‌ಗೆ ಬನ್ನಿ, ಕೂತು ಬರೆಯೋಣ.