ಇಳಯರಾಜ ಗುರುವಿಲ್ಲದೆ ಬೆಳೆದವರಲ್ಲ



2025ರ ಮಾರ್ಚ್ 8ರಂದು ಇಳಯರಾಜ ಅವರ 'ವೇಲಿಯಂಟ್' ಸಿಂಫನಿ ಲಂಡನ್ನಿನಲ್ಲಿ ಮೊಳಗಿತು. ಆಗ ನಮ್ಮ ಕಡೆ ಎರಡು ಮಾತು ಕೇಳಿಬಂದವು. ಒಂದು: "ಅವರು ಯಾರ ಹತ್ತಿರವೂ ಕಲಿತವರಲ್ಲ, ಎಲ್ಲಾ ದೇವರು ಕೊಟ್ಟ ವರ." ಇನ್ನೊಂದು, ಗಿಟಾರ್ ಹಿಡಿದ ಸ್ವಂತ ಮಗನಿಗೆ: "ನೀನೇನು ಇಳಯರಾಜನಾ? ಮೊದಲು ಡಿಗ್ರಿ ಮುಗಿಸು, ಸಿಪ್ಕಾಟ್‌ನಲ್ಲಿ ಕೆಲಸ ನೋಡು."

ಮೊದಲನೆಯ ಮಾತು ಸುಳ್ಳು. ಎರಡನೆಯದು ಆ ಸುಳ್ಳಿನ ಮೇಲೆಯೇ ನಿಂತಿದೆ.

ಇಳಯರಾಜ 1943ರಲ್ಲಿ ಪಣ್ಣೈಪುರಂ ಎಂಬ ಹಳ್ಳಿಯಲ್ಲಿ ಹುಟ್ಟಿದರು. ಸಂಗೀತ ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ, ನಿಜ. ಆದರೆ ಕಲಿಯಲಿಲ್ಲ ಎಂದವರು ಯಾರು? ಅಣ್ಣ ಪಾವಲರ್ ವರದರಾಜನ್ ತಂಡ ಕಟ್ಟಿಕೊಂಡು ಊರೂರು ಸುತ್ತಿ ಹಾಡುತ್ತಿದ್ದರು. ತಮ್ಮನ ಮೊದಲ ಪಾಠಶಾಲೆ ಅದೇ. ಮದ್ರಾಸಿಗೆ ಬಂದ ಮೇಲೆ ಧನರಾಜ್ ಮಾಸ್ಟರ್ ಬಳಿ ಪಾಶ್ಚಾತ್ಯ ಸ್ವರಲಿಪಿ ಓದಲು, ಬರೆಯಲು ಕಲಿತರು. ಲಂಡನ್ನಿನ ಟ್ರಿನಿಟಿ ಕಾಲೇಜಿನ ಪರೀಕ್ಷೆ ಕಟ್ಟಿ, ಕ್ಲಾಸಿಕಲ್ ಗಿಟಾರಿನಲ್ಲಿ ಚಿನ್ನದ ಪದಕ ಪಡೆದರು.

ಹೊಟ್ಟೆಪಾಡು? ಸ್ಟುಡಿಯೊ ಆರ್ಕೆಸ್ಟ್ರಾದಲ್ಲಿ ಗಿಟಾರ್, ಕೀಬೋರ್ಡ್ ನುಡಿಸಿ ಸಂಪಾದಿಸಿದರು. ಆಮೇಲೆ ನಮ್ಮ ಕನ್ನಡದ ಜಿ.ಕೆ. ವೆಂಕಟೇಶ್ ಅವರಿಗೆ ಸಹಾಯಕರಾದರು. 'ಕಸ್ತೂರಿ ನಿವಾಸ', 'ಬಂಗಾರದ ಮನುಷ್ಯ' ಚಿತ್ರಗಳ ಸಂಗೀತ ನಿರ್ದೇಶಕರು ಅವರೇ. ಯಾವ ವಾದ್ಯ ಎಲ್ಲಿ ಬರಬೇಕು, ವಯೊಲಿನ್‌ಗೆ ಏನು ಬರೆಯಬೇಕು, ಕೊಳಲು ಎಲ್ಲಿ ಸುಮ್ಮನಿರಬೇಕು ಎಂಬುದೆಲ್ಲ ಇಂಥ ಕೆಲಸದಲ್ಲೇ ಕೈಗೆ ಹತ್ತುವ ವಿದ್ಯೆ. ಅವರು ದುಡಿದ ಆ ಚಿತ್ರಗಳಲ್ಲಿ ಬಹಳಷ್ಟು ಕನ್ನಡದವು. 1976ರಲ್ಲಿ 'ಅನ್ನಕ್ಕಿಳಿ' ಬಂದದ್ದು ಇಷ್ಟೆಲ್ಲ ಆದ ಮೇಲೆ.

ಕದ್ರಿ ಗೋಪಾಲನಾಥ್ ಅವರನ್ನೂ ನೋಡಿ. ನಾಗಸ್ವರದ ಮನೆತನದ ಹುಡುಗ ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತರು. ಆದರೆ ಮನಸೋತದ್ದು ಮಾತ್ರ ಸಾಲಲಿಲ್ಲ. ಮಂಗಳೂರಿನಲ್ಲಿ ಗೋಪಾಲಕೃಷ್ಣ ಅಯ್ಯರ್, ಮದ್ರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಕಲಿಸಿದರು. ವರ್ಷಗಟ್ಟಲೆ ತಿದ್ದಿದ ಆ ಉಸಿರು 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್ ತಲುಪಿತು.

ಇಬ್ಬರ ದಾರಿಯೂ ಅಡ್ಡದಾರಿಯಲ್ಲ, ಬೇರೆ ದಾರಿ. ಕಾಲೇಜು ಇರಲಿಲ್ಲ, ಗುರುಗಳಿದ್ದರು, ವಾದ್ಯವಿತ್ತು, ದುಡಿಯುತ್ತ ಕಲಿಯಲು ಜಾಗವಿತ್ತು. ಬಿಎಸ್ಸಿ ಓದಿದ ನಮ್ಮಂಥವರಿಗೆ ಇದು ಬೇಗ ಅರ್ಥವಾಗಬೇಕು: ಪ್ರಾಕ್ಟಿಕಲ್ ಇಲ್ಲದೆ ಯಾವ ಪಾಠವೂ ಪೂರ್ತಿಯಾಗುವುದಿಲ್ಲ.

"ದೇವರ ವರ" ಎಂದುಬಿಟ್ಟರೆ ಹಿರಿಯರಿಗೆ ಅನುಕೂಲ. ವರ ಇದ್ದವನು ಹೇಗೂ ಬೆಳೆಯುತ್ತಾನೆ, ನಾವೇನೂ ಮಾಡಬೇಕಿಲ್ಲ! ತಲಾಂತನ್ನು ಮಣ್ಣಿನಲ್ಲಿ ಹೂತಿಟ್ಟ ಆಳನ್ನು ಎಲ್ಲರೂ ಬೈಯುತ್ತಾರೆ. ಮಗುವಿನ ಕೈಗೆ ಗುದ್ದಲಿ ಕೊಟ್ಟವರು ಯಾರು ಎಂದು ಯಾರೂ ಕೇಳುವುದಿಲ್ಲ.

ಸಂಗೀತದಲ್ಲಿ ತಿಂಗಳ ಸಂಬಳ ಖಾತ್ರಿ ಇಲ್ಲ, ಒಪ್ಪುತ್ತೇವೆ. ಡಿಗ್ರಿ ಬಿಡಿ ಎಂದೂ ನಾವು ಹೇಳುತ್ತಿಲ್ಲ. ಆದರೆ ಶಿಫ್ಟ್ ಮುಗಿಸಿ ಬಂದು ಗಾಯನ ವೃಂದದಲ್ಲಿ ಕೂರುವ ಹುಡುಗನಿಗೂ, ಪಿಯುಸಿ ಓದುತ್ತ ಕೀಬೋರ್ಡ್ ನುಡಿಸುವ ಹುಡುಗಿಗೂ ಒಂದು ದಾರಿ ತೆರೆದಿಡಬಹುದಲ್ಲವೇ?

ಧರ್ಮಕೇಂದ್ರಗಳ ಮುಂದೆ ನಮ್ಮ ಬೇಡಿಕೆ ಮೂರೇ. ವಾದ್ಯಗಳನ್ನು ಹಬ್ಬದ ದಿನಕ್ಕೆಂದು ಬೀಗ ಹಾಕಿಡದೆ ಅಭ್ಯಾಸಕ್ಕೆ ಕೊಡಿ. ವಾರಕ್ಕೊಮ್ಮೆ ಸ್ವರಲಿಪಿ ಕಲಿಸುವ ಗುರುವನ್ನು ಕರೆಸಿ. ಬೆಂಗಳೂರು ಇಲ್ಲಿಂದ ಸುಮಾರು 40 ಕಿ.ಮೀ. ಅಷ್ಟೇ, ಟ್ರಿನಿಟಿಯ ಗ್ರೇಡ್ ಪರೀಕ್ಷೆ ಕಟ್ಟಲು ಯಾವ ಡಿಗ್ರಿಯೂ ಬೇಡ. ಮೂರನೆಯದು, ಹಬ್ಬಕ್ಕೆ ಹೊರಗಿನ ಆರ್ಕೆಸ್ಟ್ರಾಗೆ ಹಣ ಎಣಿಸುವಾಗ, ನಮ್ಮ ಮಕ್ಕಳಿಗೂ ಅದರೊಳಗೊಂದು ಕುರ್ಚಿ ಕೇಳಿ. ನುಡಿಸಿದವರಿಗೆ ಆಶೀರ್ವಾದದ ಜೊತೆ ಕೂಲಿಯನ್ನೂ ಕೊಡಿ.

ಇಷ್ಟು ಮಾಡಿದ ಮೇಲೂ ಯಾರೂ ಲಂಡನ್ ತಲುಪದಿರಬಹುದು. ಆದರೆ "ನೀನೇನು ಇಳಯರಾಜನಾ?" ಎಂದು ಕೇಳುವ ಮೊದಲು, ಆ ಮಗುವಿಗೆ ಒಬ್ಬ ಧನರಾಜ್ ಮಾಸ್ಟರ್ ಸಿಕ್ಕಿದ್ದಾರೆಯೇ ಎಂದು ಕೇಳೋಣ.