ಬಿತ್ತನೆ ಬೀಜ ಎತ್ತಿಡ್ತೀವಿ, ಮೆಮೊರಿ ಕಾರ್ಡಿನ ನಕಲು ಎಲ್ಲಿ?

ಹೋದ ವರ್ಷ ಏಪ್ರಿಲ್‌ನಲ್ಲಿ ನಮ್ಮ ಅಡಿಕೆ ತೋಟದ ಹನಿ ನೀರಾವರಿ ಒಂದು ಬೆಳಿಗ್ಗೆ ನಿಂತೇಹೋಯ್ತು. ಬೋರಲ್ಲಿ ನೀರಿತ್ತು, ಮೋಟಾರು ಸರಿಯಿತ್ತು. ಕೆಟ್ಟಿದ್ದು ಉಗುರಿನಷ್ಟಿರೋ ಒಂದು ಮೆಮೊರಿ ಕಾರ್ಡು. ಯಾವ ವಾಲ್ವು ಯಾವಾಗ ತೆರೆಯಬೇಕು ಅಂತ ನೋಡಿಕೊಳ್ತಿದ್ದ ರಾಸ್‌ಬೆರಿ ಪೈ ಬೋರ್ಡು ನಡೀತಿದ್ದದ್ದೇ ಆ ಕಾರ್ಡಿನಿಂದ. ಅದನ್ನು ಹಾಕಿಕೊಟ್ಟವರು ಬರೋಕೆ ಒಂಬತ್ತು ದಿನ ಆಯ್ತು. ಅಷ್ಟೂ ದಿನ ಅಪ್ಪ, ನಾನು ಕೈಯಲ್ಲೇ ವಾಲ್ವು ತಿರುಗಿಸಿದೆವು. ಆದರೂ ಕೊನೆ ಸಾಲಿನ ಎಳೆ ಗಿಡಗಳು ಒಣಗಿದವು.

ಅದಕ್ಕೇ ನೇರವಾಗಿ ಹೇಳ್ತೀನಿ: ಕಾರ್ಡಿನ ನಕಲು ಕೈಗೆ ಬರೋವರೆಗೂ ಪೂರ್ತಿ ದುಡ್ಡು ಕೊಡಬೇಡಿ.

ಮೆಮೊರಿ ಕಾರ್ಡು ಬರೆದಷ್ಟೂ ಸವೆಯುತ್ತೆ. ಬರೆಯುವ ಹೊತ್ತಲ್ಲೇ ಕರೆಂಟು ಹೋದರೆ ಒಳಗಿನ ಫೈಲುಗಳು ಕೆಡಬಹುದು. ನಮ್ಮೂರ ಕರೆಂಟಿನ ಕಥೆ ನಿಮಗೆ ಗೊತ್ತಿರೋದೇ.

ನಕಲು ಮಾಡೋದು ಏನು ಮಹಾ ಅಂತ ನಾನೂ ಅಂದುಕೊಂಡಿದ್ದೆ. ಹೊಸದಾಗಿ ಹಾಕಿಸಿದ 32 ಜಿಬಿ ಕಾರ್ಡಿನ ಇಮೇಜ್ ತೆಗೆದೆ. ಬಳಕೆಯಾಗಿದ್ದು 5 ಜಿಬಿ ಅಷ್ಟೇ, ಫೈಲು ಮಾತ್ರ ಸುಮಾರು 32 ಜಿಬಿ! ಖಾಲಿ ಜಾಗವೂ ನಕಲಾಗಿತ್ತು. ಅದನ್ನು ಬೇರೆ ಕಂಪನಿಯ 32 ಜಿಬಿ ಕಾರ್ಡಿಗೆ ಹಾಕೋಕೆ ಹೋದರೆ ಜಾಗ ಸಾಲಲಿಲ್ಲ. ಮೇಲೆ 32 ಅಂತಿದ್ದರೂ ಕಾರ್ಡಿಂದ ಕಾರ್ಡಿಗೆ ನಿಜವಾದ ಅಳತೆ ಸ್ವಲ್ಪ ಹೆಚ್ಚುಕಡಿಮೆ ಇರುತ್ತೆ.

ಹಾಗಾಗಿ ಪಾರ್ಟಿಷನ್ ಕುಗ್ಗಿಸಬೇಕು. ಪೈ ಕಾರ್ಡಿನಲ್ಲಿ ಸಾಮಾನ್ಯವಾಗಿ ಎರಡು ಭಾಗ. ಬೋರ್ಡು ಶುರುವಾಗಲು ಬೇಕಾದ ಚಿಕ್ಕದೊಂದು, ಉಳಿದಿದ್ದೆಲ್ಲ ಇರುವ ದೊಡ್ಡದೊಂದು. ಕುಗ್ಗಿಸಬೇಕಾದ್ದು ದೊಡ್ಡದನ್ನು. ಕಣಜದಲ್ಲಿ ಕಾಳನ್ನು ಒಂದು ಕಡೆ ಸರಿಸಿ, ಆಮೇಲೆ ಅಡ್ಡಗೋಡೆ ಸರಿಸಿದ ಹಾಗೆ: ಮೊದಲು ಫೈಲ್ ಸಿಸ್ಟಮ್, ನಂತರ ಪಾರ್ಟಿಷನ್. ಕ್ರಮ ತಪ್ಪಿದರೆ ಕಾಳು ಗೋಡೆಯ ಆಚೆ ಉಳಿಯುತ್ತೆ, ಅಂದರೆ ಡೇಟಾ ಹೋಗುತ್ತೆ. ಪೈ ಅದೇ ಕಾರ್ಡಿನಿಂದ ನಡೀತಿರುವಾಗ ಈ ಕೆಲಸ ಆಗಲ್ಲ. ಬೋರ್ಡು ಆಫ್ ಮಾಡಿ, ಕಾರ್ಡು ತೆಗೆದು ಬೇರೆ ಕಂಪ್ಯೂಟರಿಗೆ ಹಾಕಬೇಕು.

ಜಿಪಾರ್ಟೆಡ್‌ನಲ್ಲಿ ಕಾರ್ಡನ್ನೇ ಕುಗ್ಗಿಸಬಹುದು. ಆದರೆ ಆಮೇಲೆ ಕಾರ್ಡು ಪೂರ್ತಿ ಓದಿಸಿದರೆ ಮತ್ತೆ 32 ಜಿಬಿ ಫೈಲೇ ಬರುತ್ತೆ. ಪಾರ್ಟಿಷನ್ ಮುಗಿಯುವಲ್ಲಿಗೆ ನಿಲ್ಲಿಸಬೇಕು. ನನ್ನ ಮಾತು ಕೇಳೋದಾದರೆ ಮೂಲ ಕಾರ್ಡಿಗೆ ಕೈ ಹಾಕಬೇಡಿ. ಮೊದಲು ಪೂರ್ತಿ ಇಮೇಜ್ ತೆಗೆದು, ಲಿನಕ್ಸ್‌ನಲ್ಲಿ ಪೈಶ್ರಿಂಕ್ ಅನ್ನೋ ಉಚಿತ ಸ್ಕ್ರಿಪ್ಟ್‌ನಿಂದ ಆ ಇಮೇಜನ್ನೇ ಕುಗ್ಗಿಸಿ. ನನ್ನ ಫೈಲು 5 ಜಿಬಿ ಚಿಲ್ಲರೆಗೆ ಇಳೀತು. ಹೊಸ ಕಾರ್ಡಿಗೆ ಬರೆದು ಬೋರ್ಡು ಆನ್ ಮಾಡಿದರೆ ಅದು ಮತ್ತೆ ಕಾರ್ಡಿನ ತುಂಬ ಹರಡಿಕೊಳ್ಳುತ್ತೆ.

ಕಂಪ್ಯೂಟರ್ ಇಲ್ಲ, ಬರೀ ಫೋನ್ ಇದೆ ಅಂತೀರಾ? ಹಾಗಾದರೆ ಹಾಕಿಕೊಡೋರ ಹತ್ರಾನೇ ಎರಡು ವಸ್ತು ಕೇಳಿ: ಬರೆದಿಟ್ಟ ಇನ್ನೊಂದು ಕಾರ್ಡು, ಪೆನ್‌ಡ್ರೈವ್‌ನಲ್ಲಿ ಕುಗ್ಗಿಸಿದ ಇಮೇಜ್. ಇನ್ನೊಂದು ಕಾರ್ಡನ್ನು ನಿಮ್ಮೆದುರೇ ಹಾಕಿಸಿ, ವಾಲ್ವು ತೆರೆಯುತ್ತಾ ನೋಡಿ. ಬೀಜಕ್ಕೆ ಮೊಳಕೆ ಪರೀಕ್ಷೆ ಮಾಡದೆ ಬಿತ್ತುತ್ತೀವಾ? ಇದೂ ಹಾಗೇ.

"ಪ್ರೋಗ್ರಾಂ ನಮ್ಮದು, ನಕಲು ಕೊಡಲ್ಲ" ಅನ್ನೋರೂ ಇದ್ದಾರೆ. ಅವರ ಪ್ರೋಗ್ರಾಂ ಮಾರೋ ಹಕ್ಕು ನಾವು ಕೇಳ್ತಿಲ್ಲ, ಕೆಟ್ಟ ದಿನಕ್ಕೆ ಒಂದು ಕಾರ್ಡು ಕೇಳ್ತಿದ್ದೀವಿ. ಬೋರು ಕೊರೆದವರು ಮೋಟಾರ್ ಮನೆಯ ಬೀಗದ ಕೈ ತಗೊಂಡು ಹೋಗ್ತಾರಾ?

ಇನ್ನೆರಡು ಮಾತು. ನೀರು ಬಿಡೋ ಸಮಯ ಬದಲಿಸಿದಾಗಲೆಲ್ಲ ಹೊಸ ನಕಲು ತೆಗೆಸಿ. ಇಮೇಜ್ ಒಳಗೆ ನಿಮ್ಮ ವೈಫೈ ಪಾಸ್‌ವರ್ಡ್ ಇರಬಹುದು, ಅದನ್ನು ಗ್ರೂಪುಗಳಲ್ಲಿ ಹಂಚಬೇಡಿ.

ಬೇಸಿಗೆಗೆ ಮುಂಚೆ ಪೈಪು ತೊಳೀತೀವಿ, ಫಿಲ್ಟರ್ ಬಿಚ್ಚಿ ನೋಡ್ತೀವಿ. ಈ ಸಲ ಆ ಪಟ್ಟಿಗೆ ಕಾರ್ಡನ್ನೂ ಸೇರಿಸಿ.