ನೆನಪಿನ ಮಾತ್ರೆ, ನೆಗಡಿ ಮಾತ್ರೆ

ಸೋದರಿಯರೇ, ಹೋದ ಮಳೆಗಾಲದಲ್ಲಿ ನನ್ನಿಂದಾದ ಒಂದು ತಪ್ಪನ್ನು ಈ ಸಲ ನಿಮ್ಮ ಮುಂದೆ ಹೇಳಿಕೊಳ್ಳುತ್ತೇನೆ. ಮನೆಯಲ್ಲಿ ವಯಸ್ಸಾದವರಿದ್ದರೆ, ಅಡಿಗೆ ಪುಟಕ್ಕೆ ಹೋಗುವ ಮೊದಲು ಇದನ್ನು ಓದಿಬಿಡಿ.

ನಮ್ಮ ಅತ್ತೆಯವರಿಗೆ 78 ವರ್ಷ. ಸಾರಿಗೆ ಎರಡೆರಡು ಸಲ ಉಪ್ಪು ಹಾಕುವುದರಿಂದ ಶುರುವಾದ ಮರೆವು, ಊಟ ಮುಗಿಸಿ ಕೈತೊಳೆದು ಬಂದು "ಯಾಕಮ್ಮ, ಇವತ್ತು ಅಡಿಗೆ ಇಲ್ವೇ?" ಎಂದು ಕೇಳುವವರೆಗೆ ಬಂತು. ಡಾಕ್ಟರು ಇದು ಆಲ್ಜೈಮರ್ ಎಂದು ಹೇಳಿ ಡೊನೆಪೆಜಿಲ್ ಎಂಬ ಮಾತ್ರೆ ಬರೆದುಕೊಟ್ಟರು. ಮೊದಲು 5 ಮಿಲಿಗ್ರಾಂ, ಆರು ವಾರದ ಮೇಲೆ 10. ಕಾಯಿಲೆ ವಾಸಿಯಾಗುವುದಿಲ್ಲ ಅಂತ ಮೊದಲೇ ಹೇಳಿದ್ದರು. ಆದರೂ ಅತ್ತೆಯವರು ಮೊಮ್ಮಗಳನ್ನು ಮತ್ತೆ ಹೆಸರು ಹಿಡಿದು ಕರೆದ ದಿನ ನಮಗಾದ ಸಂತೋಷ ಅಷ್ಟಿಷ್ಟಲ್ಲ.

ಆಮೇಲೆ ಅವರಿಗೆ ನೆಗಡಿ ಬಂತು. ರಾತ್ರಿಯೆಲ್ಲ ಸೀನು. ಯಾರನ್ನೂ ಕೇಳದೆ ನನ್ನ ಡಬ್ಬಿಯಲ್ಲಿದ್ದ ನೆಗಡಿ ಮಾತ್ರೆಯನ್ನೇ ದಿನಕ್ಕೆ ಮೂರು ಸಲ ಕೊಟ್ಟೆ. ಮೂಗೇನೋ ಒಣಗಿತು, ಜೊತೆಗೆ ಬಾಯಿಯೂ ಒಣಗಿತು. ಮೂರನೆಯ ದಿನ ಸಂಜೆ ಗೋಡೆ ನೋಡುತ್ತಾ, ಎಂದೋ ತೀರಿಹೋದ ತಮ್ಮ ಅಕ್ಕನ ಜೊತೆ ಮಾತಾಡುತ್ತಿದ್ದರು. ಮೂತ್ರ ಕಟ್ಟಿತ್ತು. ನನ್ನನ್ನು ನೋಡಿ "ನೀನು ಯಾರ ಮನೆಯವಳು?" ಎಂದರು. ಕಾಯಿಲೆ ಏರಿಬಿಟ್ಟಿತು ಅಂತ ನಮ್ಮವರು ತಲೆ ಮೇಲೆ ಕೈಹೊತ್ತು ಕೂತರು.

ಡಾಕ್ಟರು ಮೊದಲು ಕೇಳಿದ್ದು, "ಹೊಸದಾಗಿ ಏನಾದರೂ ಕೊಟ್ಟಿರಾ?" ನೆಗಡಿ ಮಾತ್ರೆ ತೋರಿಸಿದೆ. ಅದರಲ್ಲಿ ಕ್ಲೋರ್‌ಫೆನಿರಮೈನ್ ಇತ್ತು.

ಅವರು ವಿವರಿಸಿದ್ದು ಇಷ್ಟು. ನರದಿಂದ ನರಕ್ಕೆ ಸುದ್ದಿ ಒಯ್ಯುವ ಅಸಿಟೈಲ್‌ಕೋಲಿನ್ ಎಂಬ ವಸ್ತು ನಮ್ಮ ಮೈಯಲ್ಲಿದೆ. 1921ರಲ್ಲಿ ಆಟೊ ಲೋವಿ ಎಂಬ ವಿಜ್ಞಾನಿ, ಕನಸಿನಲ್ಲಿ ಹೊಳೆದ ಪ್ರಯೋಗವನ್ನು ರಾತ್ರಿಯೇ ಎದ್ದು ಹೋಗಿ ಕಪ್ಪೆಯ ಹೃದಯದ ಮೇಲೆ ಮಾಡಿ ನೋಡಿದರಂತೆ. ಅದರಿಂದ ಇದು ತಿಳಿದುಬಂತು, 1936ರಲ್ಲಿ ನೊಬೆಲ್ ಕೂಡ ಬಂತು. (ನಮಗೆ ಕನಸಿನಲ್ಲೂ ಹೊಳೆಯುವುದು ನಾಳೆ ತಿಂಡಿಗೇನು ಅನ್ನೋದೇ!) ಆಲ್ಜೈಮರ್‌ನಲ್ಲಿ ಮಿದುಳಿನಲ್ಲಿ ಈ ವಸ್ತು ಕಡಿಮೆಯಾಗುತ್ತದೆ. ಅದನ್ನು ಒಡೆದುಹಾಕುವ ಕಿಣ್ವವನ್ನು ಡೊನೆಪೆಜಿಲ್ ತಡೆಯುತ್ತದೆ. ಹಾಗಾಗಿ ಇರುವಷ್ಟು ಹೆಚ್ಚು ಹೊತ್ತು ಉಳಿಯುತ್ತದೆ. ನಾನು ಕೊಟ್ಟ ಮಾತ್ರೆಯದು ಉಲ್ಟಾ ಕೆಲಸ. ಸುದ್ದಿ ಬಂದು ತಟ್ಟುವ ಬಾಗಿಲಿಗೇ ಅಡ್ಡ ನಿಲ್ಲುತ್ತದೆ. ಒಂದು ಕೈಯಿಂದ ಒಲೆಗೆ ಸೌದೆ ಇಟ್ಟು, ಇನ್ನೊಂದು ಕೈಯಿಂದ ನೀರು ಹೊಯ್ದ ಹಾಗಾಯಿತು. ಉಮ್ಮತ್ತಿ ಕಾಯಿ ತಿಂದವರು ಬಾಯೊಣಗಿ ಹುಚ್ಚುಹುಚ್ಚಾಗಿ ಆಡುವುದೂ ಇದೇ ಕಾರಣಕ್ಕೆ. ಅದರ ವಿಷವೂ ಅದೇ ಬಾಗಿಲು ಮುಚ್ಚುತ್ತದೆ, ಬಲು ಜೋರಾಗಿ.

ಡೈಫೆನ್‌ಹೈಡ್ರಮೈನ್ ಇರುವ ಕೆಮ್ಮಿನ ಔಷಧಿ, ಪದೇ ಪದೇ ಮೂತ್ರ ಬರುವುದಕ್ಕೆ ಕೊಡುವ ಆಕ್ಸಿಬ್ಯುಟಿನಿನ್, ನರನೋವಿನ ಅಮಿಟ್ರಿಪ್ಟಿಲಿನ್ ಇವೂ ಇದೇ ಜಾತಿಯ ಕೆಲಸ ಮಾಡುತ್ತವೆ. ಕೆಟ್ಟ ಔಷಧಿಗಳೇನಲ್ಲ, ವಯಸ್ಸಾದ ಮಿದುಳಿಗೆ ಭಾರ, ಅಷ್ಟೆ. ಡಾಕ್ಟರು ಕೊಟ್ಟದ್ದನ್ನು ನೀವಾಗಿ ನಿಲ್ಲಿಸಲೂಬೇಡಿ. ಮನೆಯಲ್ಲಿರುವ ಎಲ್ಲಾ ಮಾತ್ರೆಗಳನ್ನು ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ಅವರಿಗೆ ತೋರಿಸಿ. ನಾನೀಗ ಹಾಗೇ ಮಾಡುತ್ತೇನೆ. ಡೊನೆಪೆಜಿಲ್ ತೆಗೆದುಕೊಳ್ಳುವವರಿಗೆ ನಾಡಿ ನಿಧಾನವಾದರೆ, ತಲೆಸುತ್ತಿ ಬಿದ್ದರೆ ಅದನ್ನೂ ತಡಮಾಡದೆ ಹೇಳಬೇಕು.

ನೆಗಡಿ ಮಾತ್ರೆ ನಿಲ್ಲಿಸಿ, ಮೂತ್ರಕ್ಕೆ ನಳಿಗೆ ಹಾಕಿ ಎರಡು ದಿನ ಆಸ್ಪತ್ರೆಯಲ್ಲಿಟ್ಟುಕೊಂಡರು. ಐದನೆಯ ದಿನ ಮನೆಯಲ್ಲಿ ಅತ್ತೆಯವರು ತುತ್ತು ಬಾಯಿಗಿಟ್ಟು, ನನ್ನ ಮುಖ ನೋಡಿ, "ಸಾರಿಗೆ ಉಪ್ಪು ಮರೆತ್ಯೇನೇ?" ಎಂದರು. ನಿಜವಾಗಿಯೂ ಮರೆತಿದ್ದೆ.